ಬೇಸತೂನಿನ ಫರ್ಹಾದ್: ದನಿ ಕೇಳಿ ಒಲಿದವನು, ಮಾತು ಕೇಳಿ ಸತ್ತವನು

ಗುಮ್ಮಟದೂರು:

ಸ್ನೇಹಿತರೆ, ಲೈಲಾ-ಮಜ್ನೂನ್ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಶೀರೀನ್-ಫರ್ಹಾದ್ ಹೆಸರೂ ಕಿವಿಗೆ ಬಿದ್ದಿರುತ್ತದೆ. ಆದರೆ ಫರ್ಹಾದ್ ಯಾರು ಎಂದು ಕೇಳಿದರೆ ಸಿಗುವ ಉತ್ತರ ಒಂದೇ ಸಾಲಿನದು: ಪ್ರೇಯಸಿಗಾಗಿ ಬೆಟ್ಟ ಕಡಿದು ಪ್ರಾಣ ಬಿಟ್ಟ ಕಲ್ಲುಕುಟಿಗ. ನಾನೂ ಬಹಳ ವರ್ಷ ಅಷ್ಟನ್ನೇ ತಿಳಿದುಕೊಂಡಿದ್ದೆ. ಗಂಜೆ ಎಂಬ ಊರಿನ ಪಾರಸಿ ಕವಿ ನಿಜಾಮಿ ಸುಮಾರು 1180ರ ಹೊತ್ತಿಗೆ ಮುಗಿಸಿದ ‘ಖುಸ್ರೌ ವ ಶೀರೀನ್’ ಕಾವ್ಯದ ಫರ್ಹಾದ್ ಭಾಗವನ್ನು ಈಚೆಗೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಓದಿದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ನಿಮ್ಮೆದುರು ಇಡುತ್ತೇನೆ.

ಶೀರೀನಳ ಅರಮನೆ ಇರುವುದು ಸುಡುವ ಬಿಸಿಲಿನ ಜಾಗದಲ್ಲಿ. ಅವಳಿಗೆ ಹಾಲೆಂದರೆ ಪ್ರಾಣ. ಆದರೆ ಸುತ್ತಮುತ್ತಲ ಹುಲ್ಲು ವಿಷದ್ದು, ಹಾಗಾಗಿ ಮಂದೆ ದೂರದಲ್ಲಿ ಮೇಯುತ್ತದೆ. ಹಾಲು ಅಲ್ಲಿಂದ ಅರಮನೆಗೆ ಬರುವುದೇ ದೊಡ್ಡ ಪಾಡು. ಚಿತ್ರಕಾರ ಶಾಪೂರ್ ತನ್ನ ಹಳೆಯ ಸಹಪಾಠಿಯೊಬ್ಬನ ಹೆಸರು ಹೇಳುತ್ತಾನೆ. ಚೀನಾದಲ್ಲಿ ಒಬ್ಬನೇ ಗುರುವಿನ ಬಳಿ ಇಬ್ಬರೂ ಕಲಿತವರು. ಶಾಪೂರ್ ಕುಂಚ ಹಿಡಿದ, ಫರ್ಹಾದ್ ತೇಶೆ ಹಿಡಿದ. ತೇಶೆ ಎಂದರೆ ಕಲ್ಲು ಕಡಿಯುವ ಬಾಚಿಯಂಥ ಹತಾರ.

ಫರ್ಹಾದ್ ಬಂದು ಪರದೆಯ ಈಚೆ ಕೂರುತ್ತಾನೆ. ಶೀರೀನ್ ಪರದೆಯ ಆಚೆಯಿಂದ ಕಾಲುವೆಯ ಕೆಲಸ ವಿವರಿಸುತ್ತಾಳೆ. ಅವನಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಆ ದನಿಗೇ ಅವನು ಸೋತುಹೋಗಿರುತ್ತಾನೆ. ಅಪ್ಪಣೆ ಶಿರಸಾವಹಿಸಿದೆ ಎಂಬಂತೆ ಬೆರಳನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬರುತ್ತಾನೆ. ಬಂದವನು ಸೇವಕರನ್ನು ಕೇಳುತ್ತಾನೆ: ಅವಳು ಹೇಳಿದ್ದೇನು? ನಾನು ಮಾಡಬೇಕಾದ ಕೆಲಸ ಯಾವುದು?

ಕೊನೆಗೆ ಅವನು ಸಾಯುವುದೂ ಹೀಗೆಯೇ. ಬೆಟ್ಟದ ಮೇಲೆ ಕೆಲಸ ಮಾಡುತ್ತಿರುವಾಗ ಯಾರೋ ಬಂದು ‘ಶೀರೀನ್ ಸತ್ತಳು’ ಎನ್ನುತ್ತಾನೆ. ಅದು ಸುಳ್ಳು. ಇವನು ಹೋಗಿ ನೋಡುವುದಿಲ್ಲ, ವಿಚಾರಿಸುವುದಿಲ್ಲ. ಮಾತು ಕಿವಿಗೆ ಬಿತ್ತು, ಇವನು ಬೆಟ್ಟದಿಂದ ಉರುಳಿದ.

ಇವನ ಒಲವೂ ಸಾವೂ ಬಂದದ್ದು ಕಿವಿಯ ಬಾಗಿಲಿಂದ. ಶೀರೀನಳನ್ನು ಬಯಸಿದ ದೊರೆ ಖುಸ್ರೌ ಕೂಡ ಮೊದಲು ಮನಸೋತದ್ದು ಶಾಪೂರನ ಬಾಯಿಂದ ಅವಳ ವರ್ಣನೆ ಕೇಳಿಯೇ, ಆದರೆ ಅವನ ಒಲವು ಕಿವಿಯಲ್ಲೇ ನಿಲ್ಲಲಿಲ್ಲ. ಅವನು ಶೀರೀನಳನ್ನು ಮೊದಲು ಕಂಡದ್ದು ಅವಳು ಕೊಳದಲ್ಲಿ ಮೀಯುತ್ತಿದ್ದಾಗ. ಶೀರೀನ್ ಖುಸ್ರೌವಿಗೆ ಮನಸೋತದ್ದು ಶಾಪೂರ್ ಬರೆದ ಚಿತ್ರ ನೋಡಿ. ಅವರಿಬ್ಬರ ಪ್ರೀತಿಯಲ್ಲಿ ಕಣ್ಣಿಗೂ ಪಾಲಿದೆ. ನಿಜಾಮಿ ಇದನ್ನು ಬೇಕೆಂದೇ ಹೀಗೆ ಕಟ್ಟಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಓದಿದವರು ಏನನ್ನುತ್ತೀರಿ?

ಹಳೆಯ ಓದುಗ:

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಾವ್ಯದ ಹೆಸರಿನಲ್ಲೇ ಫರ್ಹಾದ್ ಇಲ್ಲ. ಇದು ಇರಾನಿನ ಸಸಾನಿ ವಂಶದ ದೊರೆ ಖುಸ್ರೌ ಪರ್ವೇಜನ ಕಥೆ. ಅವನು ಹುಡುಗಾಟದಿಂದ ಹೊರಟು, ರಾಜ್ಯ ಕಳೆದುಕೊಂಡು, ಪಟ್ಟ ಉಳಿಸಿಕೊಳ್ಳಲು ರೋಮ್ ಚಕ್ರವರ್ತಿಯ ಮಗಳು ಮರಿಯಮಳನ್ನು ಮದುವೆಯಾಗಿ, ಬಹಳ ತಡವಾಗಿ ಶೀರೀನಳಿಗೆ ತಕ್ಕವನಾಗುತ್ತಾನೆ. ಫರ್ಹಾದ್ ನಡುವೆ ಬಂದು ನಡುವೆಯೇ ಹೋಗುವವನು. ಅವನನ್ನು ನಾಯಕನ ಜಾಗದಲ್ಲಿ ಕೂರಿಸಿದವರು ನಂತರದ ಕವಿಗಳು. ನಿಜಾಮಿಯಲ್ಲಿ ಅವನು ಖುಸ್ರೌವನ್ನು ಅಳೆಯುವ ಒಂದು ಅಳತೆಗೋಲು, ಅಷ್ಟೆ.

ಗುಮ್ಮಟದೂರು:

ಸರ್, ಅಳತೆಗೋಲು ಎನ್ನುವುದನ್ನು ಒಪ್ಪುತ್ತೇನೆ, ‘ಅಷ್ಟೆ’ ಎನ್ನುವುದನ್ನು ಒಪ್ಪಲಾರೆ. ದೊರೆಯೂ ಕಲ್ಲುಕುಟಿಗನೂ ಎದುರುಬದುರಾಗುವ ಭಾಗ ನೋಡಿ. ಪಾರಸಿ ಬಲ್ಲವರು ಇವತ್ತಿಗೂ ಬಾಯಿಪಾಠವಾಗಿ ಹೇಳುವ ಭಾಗ ಅದು. ದೊರೆಯ ಒಂದು ಪ್ರಶ್ನೆ, ಇವನ ಒಂದು ಉತ್ತರ, ಎರಡೂ ಒಂದೇ ದ್ವಿಪದಿಯಲ್ಲಿ. ನನಗೆ ತಿಳಿದಂತೆ ಕನ್ನಡಿಸಿದರೆ ಹೀಗಾಗುತ್ತದೆ:

ಯಾವ ಊರು ನಿನ್ನದು? ‘ಒಲವಿನ ರಾಜಧಾನಿ.’
ಅಲ್ಲಿಯ ಜನರ ಕಸುಬೇನು? ‘ದುಃಖ ಕೊಳ್ಳುತ್ತಾರೆ, ಜೀವ ಮಾರುತ್ತಾರೆ.’
ಜೀವ ಮಾರುವುದು ಮರ್ಯಾದೆಯ ಕೆಲಸವಲ್ಲ. ‘ಒಲಿದವರಿಗೆ ಅದು ಹೊಸದಲ್ಲ.’
ಹೃದಯದಿಂದ ಇಷ್ಟು ಒಲಿದೆಯಾ? ‘ಹೃದಯವೆನ್ನುವವನು ನೀನು. ನಾನು ಪ್ರಾಣದಿಂದ.’

ಕೊನೆಗೆ ದೊರೆಯೇ ಸೋಲುತ್ತಾನೆ. ಇಷ್ಟು ಚುರುಕಾಗಿ ಉತ್ತರ ಕೊಡುವವನನ್ನು ನೆಲದ ಮೇಲೆಲ್ಲೂ ಕಂಡಿಲ್ಲ ಎಂದು ತನ್ನವರಿಗೆ ಹೇಳುತ್ತಾನೆ. ಹಣದ ಆಸೆ ತೋರಿಸಿದರೂ ಫರ್ಹಾದ್ ಬಗ್ಗುವುದಿಲ್ಲ. ಆಗ ಬರುತ್ತದೆ ಬೇಸತೂನ್ ಎಂಬ ಬೆಟ್ಟದ ಪಣ: ಬೆಟ್ಟ ಕಡಿದು ದಾರಿ ಮಾಡಿಕೊಡು. ಫರ್ಹಾದ್ ತನ್ನ ಷರತ್ತು ಹೇಳುತ್ತಾನೆ: ಮಾಡುತ್ತೇನೆ, ಮುಗಿದ ದಿನ ನೀನು ಶೀರೀನಳ ಆಸೆ ಬಿಡಬೇಕು. ಖುಸ್ರೌವಿಗೆ ಕತ್ತಿ ಹಿರಿಯುವಷ್ಟು ಸಿಟ್ಟು ಬರುತ್ತದೆ. ಆದರೂ ಈ ಕೆಲಸ ಯಾರಿಂದಲೂ ಆಗದು ಎಂಬ ಧೈರ್ಯದಿಂದ ಒಪ್ಪಿಕೊಳ್ಳುತ್ತಾನೆ. ಕೆಲಸ ಮುಗಿಯುವ ಸುದ್ದಿ ಬಂದಾಗ ಸುಳ್ಳು ಹೇಳಲು ಆಳು ಕಳಿಸುತ್ತಾನೆ. ಕೊಟ್ಟ ಮಾತಿಗೆ ತಪ್ಪಿದವನು ದೊರೆ, ತಪ್ಪದವನು ಕೂಲಿಯವನು. ಅಳತೆಗೋಲು ಇಷ್ಟು ಎತ್ತರವಿದ್ದರೆ ಅದನ್ನು ಬದಿಗಿಟ್ಟು ಓದುವುದು ಹೇಗೆ?

ತುಂಗೆಯ ದಡ:

ಇಬ್ಬರ ಮಾತೂ ಓದಿದೆ. ಒಂದು ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇದೆ, ಅವಳ ಮನಸ್ಸು ಯಾರ ಲೆಕ್ಕದಲ್ಲೂ ಇಲ್ಲ.

ಆ ಪಣವನ್ನು ಇನ್ನೊಮ್ಮೆ ನೋಡಿ. ಇಬ್ಬರು ಗಂಡಸರು ಕೂತು ಒಬ್ಬ ಹೆಣ್ಣನ್ನು ಒಡ್ಡಿದ್ದಾರೆ. ಒಬ್ಬ ‘ಬಿಡುತ್ತೇನೆ’ ಅನ್ನುತ್ತಾನೆ, ಇನ್ನೊಬ್ಬ ‘ಬಿಟ್ಟುಬಿಡು’ ಅನ್ನುತ್ತಾನೆ. ಅವಳನ್ನು ಕೇಳಿದವರು ಯಾರು? ದ್ಯೂತದ ಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯನ್ನು ಓದಿ ಬೆಳೆದ ನಮಗೆ ಇದು ಕಾಣದೆ ಹೋಗಬಾರದು. ಫರ್ಹಾದನ ದುಃಖ ದೊಡ್ಡದು, ಒಪ್ಪುತ್ತೇನೆ. ಶೀರೀನ್ ಅವನಿಗೆ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಹಾಗೆಂದು ಅವಳು ಕಲ್ಲೆದೆಯವಳಲ್ಲ. ಕಾಲುವೆ ಮುಗಿದಾಗ ಕಿವಿಯ ಓಲೆ ಬಿಚ್ಚಿ ಅವನಿಗೆ ಕೊಡುತ್ತಾಳೆ. ಅವನು ಅದನ್ನು ಅವಳ ಪಾದದ ಬಳಿಯೇ ಸುರಿದು ಅಡವಿಯತ್ತ ನಡೆಯುತ್ತಾನೆ. ಮುಂದೆ ಅವನು ಬೇಸತೂನಿನಲ್ಲಿ ದುಡಿಯುವಾಗ ಬೆಟ್ಟಕ್ಕೆ ತಾನೇ ಹೋಗಿ ಒಂದು ಬಟ್ಟಲು ಹಾಲು ಕೊಡುತ್ತಾಳೆ. ಹಿಂದಿರುಗುವಾಗ ಕುದುರೆ ಕುಸಿಯುತ್ತದೆ. ಫರ್ಹಾದ್ ಕುದುರೆಯನ್ನೂ ಮೇಲೆ ಕುಳಿತವಳನ್ನೂ ಒಟ್ಟಿಗೆ ಹೆಗಲ ಮೇಲೆ ಹೊತ್ತು ಅರಮನೆಗೆ ಮುಟ್ಟಿಸುತ್ತಾನೆ. ಹಸ್ತಪ್ರತಿಗಳ ಕಿರುಚಿತ್ರಗಳಲ್ಲಿ ಮತ್ತೆ ಮತ್ತೆ ಬರೆದ ದೃಶ್ಯ ಇದು. ಅವನು ಸತ್ತ ಮೇಲೆ ಸಮಾಧಿಯ ಮೇಲೆ ಗುಮ್ಮಟ ಕಟ್ಟಿಸಿದವಳೂ ಇವಳೇ.

ಇನ್ನೊಂದು ಸಂಗತಿಯನ್ನು ಯಾರೂ ಹೇಳಲಿಲ್ಲ. ಫರ್ಹಾದ್ ಸತ್ತಾಗ ಖುಸ್ರೌ ಶೀರೀನಳಿಗೆ ಸಂತಾಪದ ಓಲೆ ಬರೆಯುತ್ತಾನೆ. ಮೇಲೆ ಸಾಂತ್ವನ, ಒಳಗೆಲ್ಲ ಚುಚ್ಚು. ಕೆಲವು ಕಾಲದ ನಂತರ ಮರಿಯಮ್ ತೀರಿಕೊಳ್ಳುತ್ತಾಳೆ. ಆಗ ಶೀರೀನ್ ಅದೇ ಧಾಟಿಯಲ್ಲಿ ಸಂತಾಪದ ಓಲೆ ಬರೆದು ಕಳಿಸುತ್ತಾಳೆ. ಫರ್ಹಾದನ ಸಾವನ್ನು ಅವಳು ಮರೆತಿರಲಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗುಮ್ಮಟದೂರು:

ಅಕ್ಕ, ಪಣದ ಮಾತು ನನಗೆ ಹೊಳೆದೇ ಇರಲಿಲ್ಲ. ಆ ಕಡೆಯಿಂದ ನೋಡಿದರೆ ಫರ್ಹಾದನೂ ತಪ್ಪಿತಸ್ಥ, ಒಪ್ಪಿದೆ. ಆ ಭಾಗವನ್ನು ಮತ್ತೆ ಓದುತ್ತೇನೆ.

ಶಾಸನಪ್ರಿಯ:

ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಎರಡನೆಯ ಖುಸ್ರೌ ಆಳಿದ್ದು 590ರಿಂದ 628ರವರೆಗೆ. ಶೀರೀನ್ ಅವನ ಕ್ರೈಸ್ತ ರಾಣಿ. ಆ ಕಾಲದ ಬೈಜಾಂಟಿಯನ್ ಇತಿಹಾಸಕಾರರೂ ಅವಳನ್ನು ಹೆಸರಿಸುತ್ತಾರೆ. 1010ರಲ್ಲಿ ಮುಗಿದ ಫಿರ್ದೌಸಿಯ ಶಾಹ್‌ನಾಮಾದಲ್ಲಿ ಖುಸ್ರೌ ಇದ್ದಾನೆ, ಶೀರೀನ್ ಇದ್ದಾಳೆ, ಫರ್ಹಾದ್ ಇಲ್ಲವೇ ಇಲ್ಲ. ಹಾಗೆಂದು ನಿಜಾಮಿ ಅವನನ್ನು ಶೂನ್ಯದಿಂದ ತಂದನು ಎಂದಲ್ಲ. ಹತ್ತನೆಯ ಶತಮಾನದಲ್ಲಿ ಬಲ್‌ಅಮಿ ಪಾರಸಿಯಲ್ಲಿ ಬರೆದ ಇತಿಹಾಸದಲ್ಲೇ ಶೀರೀನಳಿಗೆ ಮನಸೋತ ಫರ್ಹಾದ್, ಅವನನ್ನು ಬೇಸತೂನಿಗೆ ಕಲ್ಲು ಕಡಿಯಲು ಅಟ್ಟಿದ ದೊರೆ, ಇಬ್ಬರೂ ಬರುತ್ತಾರೆ. ಆ ಒಂದೆರಡು ಸಾಲಿಗೆ ಜೀವ ತುಂಬಿದವನು ನಿಜಾಮಿ.

ಬೇಸತೂನ್ ಕಲ್ಪನೆಯ ಬೆಟ್ಟವಲ್ಲ. ಇರಾನಿನ ಕೆರ್ಮಾನ್‌ಶಾಹ್ ಬಳಿ ಹೆದ್ದಾರಿಯ ಪಕ್ಕದಲ್ಲೇ ನಿಂತಿದೆ. ಇರಾನಿನ ಹಳೆಯ ಚಕ್ರವರ್ತಿ ಮೊದಲನೆಯ ದಾರಿಯುಷ್ ಕ್ರಿ.ಪೂ. 520ರ ಸುಮಾರಿಗೆ ಮೂರು ಭಾಷೆಗಳಲ್ಲಿ ಕೆತ್ತಿಸಿದ ಶಾಸನ ಇರುವುದು ಅಲ್ಲೇ. ಬೆಣೆಲಿಪಿಯನ್ನು ಓದಲು ವಿದ್ವಾಂಸರಿಗೆ ದೊಡ್ಡ ಕೀಲಿಕೈಯಾದದ್ದು ಆ ಶಾಸನ. 2006ರಲ್ಲಿ ಆ ತಾಣ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ಬೆಟ್ಟದ ಬುಡದಲ್ಲಿ ಸುಮಾರು 200 ಮೀಟರ್ ಅಗಲ, 30 ಮೀಟರಿಗೂ ಹೆಚ್ಚು ಎತ್ತರದ ಬಂಡೆಯ ಮೈಯನ್ನು ಕಡಿದು ಸಪಾಟು ಮಾಡಿದ್ದಾರೆ. ಅದರ ಮೇಲೆ ಒಂದಕ್ಷರವಿಲ್ಲ, ಒಂದು ಗೊಂಬೆಯಿಲ್ಲ. ಯಾವುದೋ ದೊಡ್ಡ ಕೆತ್ತನೆಗೆ ಅಣಿ ಮಾಡಿ ಅರ್ಧಕ್ಕೆ ಬಿಟ್ಟ ಕೆಲಸ. ಖುಸ್ರೌವಿನ ಕಾಲದ್ದೇ ಇರಬಹುದೆಂದು ಬಹಳ ವಿದ್ವಾಂಸರು ಹೇಳುತ್ತಾರೆ. ಜನ ಅದನ್ನು ಕರೆಯುವುದು ‘ಫರ್ಹಾದ್ ತರಾಶ್’ ಎಂದು. ಫರ್ಹಾದ್ ಕಡಿದದ್ದು ಎಂದರ್ಥ. ಕಥೆಯಿಂದ ಬಂಡೆಗೆ ಹೆಸರು ಬಂತೋ, ಅರ್ಧಕ್ಕೆ ನಿಂತ ಬಂಡೆ ನೋಡಿ ಕಥೆ ಹುಟ್ಟಿತೋ, ನಾನಂತೂ ಎರಡನೆಯದರ ಕಡೆಗೇ ವಾಲುತ್ತೇನೆ.

ಚಾಣ-ಸುತ್ತಿಗೆ:

ನಾನು ಪಾರಸಿ ಓದಿದವನಲ್ಲ. ಕಲ್ಲಿನ ಕೆಲಸ ಮಾಡುವ ಮನೆಯವನು. ತಾತ, ಅಪ್ಪ, ಈಗ ನಾನು. ಗುಮ್ಮಟದೂರಿನವರು ಕಿವಿಯ ಮಾತು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಕಸುಬಿನಲ್ಲಿ ಮೊದಲು ಕಲಿಸುವುದು ಕೇಳುವುದನ್ನು. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ನೋಡುತ್ತೇವೆ. ಗಂಟೆಯ ಹಾಗೆ ತುಂಬಿ ಬರುವ ನಾದವಿದ್ದರೆ ಕಲ್ಲು ಗಟ್ಟಿ. ದನಿ ಒಡೆದಂತೆ, ಬೊದ್ದಾಗಿ ಬಂದರೆ ಒಳಗೆಲ್ಲೋ ಬಿರುಕಿದೆ, ಹೊರಗೆ ಎಷ್ಟು ನಯವಾಗಿದ್ದರೂ ವಿಗ್ರಹಕ್ಕೆ ಬಾರದು. ಪುರುಷ ಶಿಲೆ, ಸ್ತ್ರೀ ಶಿಲೆ, ನಪುಂಸಕ ಶಿಲೆ ಎಂದು ಶಿಲ್ಪಶಾಸ್ತ್ರ ವಿಂಗಡಿಸುವಾಗ ನಾದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಣ್ಣು ಮೋಸ ಹೋಗಬಹುದು, ಕಿವಿ ಮೋಸ ಹೋಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಅರವತ್ತು ದಾಟಿ ಕಣ್ಣು ಮಂಜಾದ ಮೇಲೂ ಅವರು ತಟ್ಟಿಯೇ ಕಲ್ಲು ಆರಿಸುತ್ತಿದ್ದರು.

ಹಾಗಾದರೆ ಫರ್ಹಾದ್ ಕಿವಿಯನ್ನು ನಂಬಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಅವನ ಕಸುಬೇ ಅದು. ಬಂಡೆ ಅವನಿಗೆ ಯಾವತ್ತೂ ಸುಳ್ಳು ಹೇಳಿರಲಿಲ್ಲ. ದಿನವಿಡೀ ಸುಳ್ಳು ಹೇಳದ ವಸ್ತುವಿನ ಜೊತೆ ಬದುಕಿದವನಿಗೆ ಮನುಷ್ಯನ ಬಾಯಿಂದ ಬಂದ ಮಾತನ್ನು ತಟ್ಟಿ ನೋಡಬೇಕು ಎನ್ನುವುದು ಹೊಳೆಯಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಆ ಹಾಲಿನ ಕಾಲುವೆಯ ಬಗ್ಗೆ ಇನ್ನೂ ಏನಾದರೂ ಬರೆದಿದ್ದಾನೆಯೆ ಕವಿ? ಎಷ್ಟು ದಿನದ ಕೆಲಸ, ಸಂದು ಹೇಗೆ ಕೂಡಿಸಿದ ಅಂತ?

ಗುಮ್ಮಟದೂರು:

ಅಣ್ಣ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದದ್ದು ನಿಮ್ಮ ಕೈಯಲ್ಲಿತ್ತು.

ಹೌದು, ಬರೆದಿದ್ದಾನೆ. ಒಂದು ತಿಂಗಳಲ್ಲಿ ಮುಗಿಯಿತು ಎನ್ನುತ್ತಾನೆ. ಮಂದೆ ಮೇಯುವಲ್ಲಿಂದ ಅರಮನೆಯ ಬಾಗಿಲವರೆಗೆ ಕಲ್ಲಿನ ಕಾಲುವೆ, ಕೊನೆಯಲ್ಲಿ ಹಾಲು ನಿಲ್ಲಲು ಒಂದು ತೊಟ್ಟಿ. ಕಲ್ಲಿಗೆ ಕಲ್ಲು ಕೂಡಿಸಿದ ಸಂದಿಯಲ್ಲಿ ಕೂದಲೆಳೆ ತೂರುತ್ತಿರಲಿಲ್ಲವಂತೆ.

ಚಾಣ-ಸುತ್ತಿಗೆ:

ಕೂದಲೆಳೆ ತೂರಬಾರದು ಎನ್ನುವ ಮಾತು ನಮ್ಮಲ್ಲೂ ಇದೆ. ನೀರಾದರೆ ಸಣ್ಣ ಸಂದಿದ್ದರೂ ಒಂದಷ್ಟು ದಿನ ನಡೆದೀತು. ಹಾಲು ಹಾಗಲ್ಲ, ಸಂದಿಯಲ್ಲಿ ನಿಂತರೆ ಹುಳಿಯುತ್ತದೆ, ಕಾಲುವೆಯೆಲ್ಲ ನಾರುತ್ತದೆ. ಕವಿ ಯಾರೋ ಕೆಲಸಗಾರನ ಪಕ್ಕ ಕೂತು ನೋಡಿ ಬರೆದಿದ್ದಾನೆ.

ದಖನಿ ಮನೆ:

ಹಾಲಿನ ಮಾತು ಬಂತಲ್ಲ, ನಾನೂ ಸೇರಿಕೊಳ್ಳುತ್ತೇನೆ. ನಮ್ಮ ಮನೆ ಕಲಬುರಗಿಯಲ್ಲಿ. ಈದ್ ದಿನ ನಾವು ಮಾಡುವ ಶೀರ್ ಖುರ್ಮಾ ನೆರೆಯವರಿಗೆಲ್ಲ ಗೊತ್ತು. ಶೀರ್ ಎಂದರೆ ಪಾರಸಿಯಲ್ಲಿ ಹಾಲು, ಖುರ್ಮಾ ಎಂದರೆ ಖರ್ಜೂರ. ಶೀರೀನ್ ಎಂದರೆ ಸಿಹಿ. ನಿಜಾಮಿ ಹಾಲು, ಸಕ್ಕರೆ, ಶೀರೀನ್ ಈ ಮಾತುಗಳನ್ನು ಒಂದರೊಳಗೊಂದು ಹೆಣೆಯುತ್ತ ಹೋಗುತ್ತಾನೆ. ನಮ್ಮ ಅಜ್ಜಿ ಓದು ಬರಹ ಕಲಿತವರಲ್ಲ. ಆಗದ ಕೆಲಸವನ್ನು ಯಾರಾದರೂ ಹಟ ಹಿಡಿದು ಮಾಡಿದರೆ ‘ಜೂ-ಎ-ಶೀರ್ ತಂದ’ ಎನ್ನುತ್ತಿದ್ದರು. ಹಾಲಿನ ಕಾಲುವೆ ತಂದ ಎಂದರ್ಥ. ಇದು ಫರ್ಹಾದನ ಕಾಲುವೆ ಎಂದು ನನಗೆ ತಿಳಿದದ್ದು ಅಜ್ಜಿ ಹೋದ ಮೇಲೆ, ಕಾಲೇಜಿನಲ್ಲಿ ಗಾಲಿಬ್ ಓದುವಾಗ. ಅವನ ದಿವಾನದ, ಅಂದರೆ ಕವನ ಸಂಗ್ರಹದ, ಮೊದಲ ಗಜಲಿನಲ್ಲೇ ಇದೆ: ‘ಸುಬಹ್ ಕರ್ನಾ ಶಾಮ್ ಕಾ ಲಾನಾ ಹೈ ಜೂ-ಎ-ಶೀರ್ ಕಾ’. ಒಂಟಿತನದ ಸಂಜೆಯನ್ನು ಬೆಳಗಿನವರೆಗೆ ತಳ್ಳುವುದು ಹಾಲಿನ ಕಾಲುವೆ ತಂದಷ್ಟೇ ಕಷ್ಟ. ಮನೆಯಲ್ಲಿ ದಿನಾ ಕೇಳಿದ ಮಾತು ಪುಸ್ತಕದಲ್ಲಿ ಎದುರಾದಾಗ ತರಗತಿಯಲ್ಲೇ ಕಣ್ಣು ತುಂಬಿತು.

ಅದೇ ಗಾಲಿಬ್ ಇನ್ನೊಂದು ಕಡೆ ಫರ್ಹಾದನನ್ನು ಒಪ್ಪುವುದಿಲ್ಲ. ತೇಶೆಯಿಲ್ಲದೆ ಸಾಯಲಾಗಲಿಲ್ಲ ಈ ಬೆಟ್ಟ ಕಡಿಯುವವನಿಗೆ, ರೂಢಿಯ ಕಟ್ಟುಪಾಡಿನ ಅಮಲು ಇಳಿದಿರಲಿಲ್ಲ ಎನ್ನುತ್ತಾನೆ. ನಿಜವಾದ ಪ್ರೇಮಿಗೆ ಸುದ್ದಿಯೊಂದೇ ಸಾಕಿತ್ತು, ಹತಾರ ಏಕೆ ಬೇಕಾಯಿತು ಎಂದು ಅವನ ತಕರಾರು.

ಹಳೆಯ ಓದುಗ:

ಅಲ್ಲಿ ಗಾಲಿಬನ ಕಣ್ಣ ಮುಂದಿದ್ದದ್ದು ಬೇರೆ ಕಥೆ. ಒಬ್ಬ ಮುದುಕಿ ಬಂದು ಸುಳ್ಳು ಹೇಳಿದಳು, ಫರ್ಹಾದ್ ತೇಶೆಯಿಂದ ತಲೆಗೆ ಹೊಡೆದುಕೊಂಡು ಸತ್ತ ಎಂಬ ರೂಪವೇ ನಮ್ಮ ದೇಶದಲ್ಲಿ ಹೆಚ್ಚು ಹಬ್ಬಿದೆ. ನಿಜಾಮಿಯಲ್ಲಿ ಮುದುಕಿಯಿಲ್ಲ. ಕಠೋರ ಮುಖದ ಒಬ್ಬ ಆಳನ್ನು ಹುಡುಕಿ, ಹೇಳಿಕೊಟ್ಟು ಕಳಿಸುತ್ತಾರೆ. ಫರ್ಹಾದ್ ತನ್ನ ಮೇಲೆ ಹತಾರ ಎತ್ತುವುದಿಲ್ಲ. ಬೆಟ್ಟದಿಂದ ಬೀಳುತ್ತಾನೆ, ಅವಳ ನೆನಪಿನಲ್ಲಿ ನೆಲಕ್ಕೆ ಮುತ್ತಿಟ್ಟು ಪ್ರಾಣ ಬಿಡುತ್ತಾನೆ. ಗಾಲಿಬನ ತಕರಾರು ನಿಜಾಮಿಯ ಫರ್ಹಾದನಿಗೆ ತಾಗುವುದೇ ಇಲ್ಲ.

ನಾನು ಮೇಲೆ ಬರೆದ ‘ಅಷ್ಟೆ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಲ್ಲಿನ ನಾದದ ಮಾತು ಓದಿದ ಮೇಲೆ ಅದು ನಿಲ್ಲುವುದಿಲ್ಲ.

ನಂತರದ ಕವಿಗಳ ಬಗ್ಗೆ ಸ್ವಲ್ಪ. ದೆಹಲಿಯ ಅಮೀರ್ ಖುಸ್ರೋ ಇದೇ ಕಥೆಯನ್ನು ಮತ್ತೆ ಬರೆದಾಗ ಫರ್ಹಾದನನ್ನು ಚೀನಾದ ರಾಜಕುಮಾರ ಮಾಡಿದ. ಹೆರಾತಿನ ಅಲಿಶೇರ್ ನವಾಯಿ 1484ರಲ್ಲಿ ಚಗತಾಯಿ ತುರ್ಕಿಯಲ್ಲಿ ಬರೆದ ಕಾವ್ಯಕ್ಕೆ ‘ಫರ್ಹಾದ್ ವ ಶೀರೀನ್’ ಎಂದೇ ಹೆಸರಿಟ್ಟ. ಅಲ್ಲಿ ನಾಯಕ ಇವನೇ, ಅಲ್ಲಿಯೂ ರಾಜಕುಮಾರನೇ. ಹದಿನಾರನೆಯ ಶತಮಾನದ ವಹ್ಶಿ ಬಾಫ್ಕಿ ತನ್ನ ‘ಫರ್ಹಾದ್ ವ ಶೀರೀನ್’ ಅನ್ನು ಮುಗಿಸದೆ ತೀರಿಕೊಂಡ. ಅದನ್ನು ಪೂರ್ತಿ ಮಾಡಿದವನು ಹತ್ತೊಂಬತ್ತನೆಯ ಶತಮಾನದ ವಿಸಾಲ್ ಶಿರಾಜಿ.

ಚಾಣ-ಸುತ್ತಿಗೆ:

ರಾಜಕುಮಾರ ಮಾಡಿದ್ದು ನನ್ನ ಮನಸ್ಸಿಗೆ ಬರಲಿಲ್ಲ. ದೊರೆಯ ಮಗ ದೊರೆಯ ಎದುರು ನಿಂತು ಉತ್ತರ ಕೊಟ್ಟರೆ ಅದರಲ್ಲೇನಿದೆ? ಕಲ್ಲುಕುಟಿಗ ಕೊಟ್ಟದ್ದು ದೊಡ್ಡದು.

ತುಂಗೆಯ ದಡ:

ನಿಮ್ಮ ಮಾತು ನೂರಕ್ಕೆ ನೂರು ಸರಿ. ನಿಜಾಮಿ ಶೀರೀನಳನ್ನು ಇಷ್ಟು ಮರ್ಯಾದೆಯಿಂದ ಬರೆದದ್ದಕ್ಕೂ ಹಿಂದೆ ಒಂದು ಬದುಕಿದೆ. ಅವನ ಹೆಂಡತಿ ಆಫಾಕ್ ಕಿಪ್ಚಾಕ್ ಬುಡಕಟ್ಟಿನವಳು. ದರ್ಬಂದಿನ ಅರಸ ಅವಳನ್ನು ದಾಸಿಯಾಗಿ ಕಳಿಸಿದ, ಕವಿ ಮದುವೆಯಾದ. ಅವಳು ಬೇಗ ತೀರಿಕೊಂಡಳು. ಕಾವ್ಯದ ಕೊನೆಯಲ್ಲಿ ಶೀರೀನ್ ಖುಸ್ರೌವಿನ ಗೋರಿಯಲ್ಲಿ ಕಠಾರಿಯಿಂದ ಇರಿದುಕೊಂಡು ಸಾಯುತ್ತಾಳೆ. ಅದನ್ನು ಬರೆದ ಕೂಡಲೇ ಕವಿ ಕಥೆ ನಿಲ್ಲಿಸಿ, ನನ್ನ ಕಿಪ್ಚಾಕಿನವಳೂ ಹೀಗೆಯೇ ಅವಸರದಲ್ಲಿ ಹೊರಟುಹೋದಳು ಎಂದು ಅಳುತ್ತಾನೆ. ಮಗ ಇನ್ನೂ ಚಿಕ್ಕವನು. ಆ ಸಾಲುಗಳನ್ನು ನಾನು ದಾಟಿ ಮುಂದೆ ಓದಲಾರದೆ ಪುಸ್ತಕ ಮಡಚಿದ್ದೆ.

ದಖನಿ ಮನೆ:

ಗುಮ್ಮಟದೂರಿನವರೆ, ಒಂದು ಕೇಳಬೇಕಿತ್ತು. ಫರ್ಹಾದ್ ಬಿದ್ದ ಜಾಗದಲ್ಲಿ ದಾಳಿಂಬೆ ಮರ ಹುಟ್ಟಿತು ಎಂದು ಅಜ್ಜಿ ಹೇಳುತ್ತಿದ್ದರು. ಅದು ಕಾವ್ಯದಲ್ಲಿದೆಯೆ, ಜನರ ಬಾಯಲ್ಲಿ ಹುಟ್ಟಿದ್ದೆ?

ಗುಮ್ಮಟದೂರು:

ಕಾವ್ಯದಲ್ಲೇ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಜಾಗವೂ ಅದೇ. ಫರ್ಹಾದನ ತೇಶೆಯ ಕಾವು ದಾಳಿಂಬೆ ಮರದ್ದು. ಹಸಿ ಮರ ಕೈಗೆ ಹಿಡಿತ ಕೊಡುತ್ತದೆಂದು ಅದನ್ನೇ ಹಾಕಿದ್ದನಂತೆ. ಸುದ್ದಿ ಕೇಳಿದಾಗ ಅವನು ತೇಶೆಯನ್ನು ಬೆಟ್ಟದ ಮೇಲಿಂದ ಎಸೆಯುತ್ತಾನೆ. ಅಲಗು ಹೋಗಿ ಕಲ್ಲಿನಲ್ಲಿ ನಾಟಿತು, ಕಾವು ತೇವದ ಮಣ್ಣಿನಲ್ಲಿ ಊರಿತು. ಕಾವು ಚಿಗುರಿತು, ಮರವಾಯಿತು, ಮೈತುಂಬ ಹಣ್ಣು ಬಿಟ್ಟಿತು. ಆ ಮರದ ದಾಳಿಂಬೆ ಸಿಕ್ಕರೆ ಎಂಥ ರೋಗಿಯ ನೋವಿಗೂ ಮದ್ದು ಎನ್ನುತ್ತಾನೆ ಕವಿ.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆ ಕೇಳಿ ಬೆಳೆದವನು ನಾನು. ಮರವನ್ನು ಕಡಿಯುವುದು ಮರದಿಂದಲೇ ಮಾಡಿದ ಕಾವು. ಇಲ್ಲಿ ಕಾವು ಮತ್ತೆ ಮರವಾಯಿತು. ಇದನ್ನು ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಅದಾದ ಮೇಲೆ ನಿಜಾಮಿ ಇನ್ನೊಂದು ದ್ವಿಪದಿ ಸೇರಿಸಿದ್ದಾನೆ: ಆ ದಾಳಿಂಬೆ ಮರವನ್ನು ನಿಜಾಮಿ ಕಣ್ಣಾರೆ ಕಾಣದಿದ್ದರೂ, ಹೊತ್ತಗೆಯಲ್ಲಿ ಹೀಗೆಂದು ಓದಿದ್ದಾನೆ.

ಚಾಣ-ಸುತ್ತಿಗೆ:

ನಮ್ಮಲ್ಲೂ ಸುತ್ತಿಗೆಗೆ ಕಾವು ಹಾಕುವಾಗ ಮರ ನೋಡಿಯೇ ಆರಿಸುತ್ತೇವೆ. ಏಟಿನ ಪೆಟ್ಟು ಅಂಗೈಗೆ ಹತ್ತಬಾರದು. ದಾಳಿಂಬೆಯದು ಒಮ್ಮೆಯೂ ಹಾಕಿ ನೋಡಿಲ್ಲ. ಹಿತ್ತಲಲ್ಲಿ ಒಂದು ಗಿಡವಿದೆ, ಕೊಂಬೆ ಇನ್ನೂ ತೆಳ್ಳಗಿದೆ. ಎರಡು ಮಳೆಗಾಲ ಕಳೆಯಲಿ, ಹಾಕಿ ನೋಡಿ ಇಲ್ಲಿ ಬರೆಯುತ್ತೇನೆ.